ಯುದ್ಧ ಮುಗಿಯಿತು, ಗಂಡ ಮನೆಗೆ ಬಂದ. ಹೆಂಡತಿ ಯಾಕೆ ಬಿಟ್ಟು ಹೋಗಲಿಲ್ಲ?

ಪ್ರಶ್ನೆ: ಮೇಡಂ, ಎರಡನೇ ಮಹಾಯುದ್ಧ ಮುಗಿದ ಹೊತ್ತಿನ ಇಂಗ್ಲೆಂಡಿನ ಕೂಲಿಕಾರರ ಮನೆಗಳ ಬಗ್ಗೆ ಈಚೆಗೆ ಓದುತ್ತಿದ್ದೇನೆ. ಗಂಡ ಸೈನ್ಯದಿಂದ ವಾಪಸ್ ಬರುತ್ತಾನೆ. ಮನೆಯಲ್ಲಿ ಮಾತಿಲ್ಲ, ಮಾತಾಡಿದರೆ ಜಗಳ. ಹೆಂಡತಿ ಅಷ್ಟು ವರ್ಷ ಫ್ಯಾಕ್ಟರಿಯಲ್ಲಿ ದುಡಿದು ಮಕ್ಕಳನ್ನು ಸಾಕಿದವಳು. ಅಂಥ ಗಟ್ಟಿ ಹೆಂಗಸು ಎದ್ದು ಹೋಗಬಹುದಿತ್ತಲ್ಲ? ಯಾಕೆ ಸಹಿಸಿಕೊಂಡಳು?

ಉತ್ತರ: ಎಲ್ಲಿಗೆ ಹೋಗಬೇಕಿತ್ತು, ಯಾವ ದುಡ್ಡಿನಲ್ಲಿ? ಮೊದಲು ಇದನ್ನು ಕೇಳೋಣ. ಅವಳ ತಾಳ್ಮೆಯ ಮಾತು ಆಮೇಲೆ.

ಲಂಡನ್, ಕವೆಂಟ್ರಿ, ಲಿವರ್‌ಪೂಲ್, ಹಲ್‌ನಂಥ ಊರುಗಳಲ್ಲಿ ಬಾಂಬು ಬಿದ್ದು ಕೇರಿಗೆ ಕೇರಿಯೇ ಹೋಗಿತ್ತು. ಯುದ್ಧದ ಅಷ್ಟೂ ವರ್ಷ ಹೊಸ ಮನೆ ಕಟ್ಟುವುದೂ ಹೆಚ್ಚುಕಡಿಮೆ ನಿಂತಿತ್ತು. ಹಾಗಾಗಿ ಎಷ್ಟೋ ಜೋಡಿಗಳು ಅಪ್ಪ ಅಮ್ಮನದೋ ಅತ್ತೆ ಮಾವನದೋ ಮನೆಯ ಒಂದೇ ಕೋಣೆಯಲ್ಲಿ, ಗೋಡೆಯಾಚೆ ಕೆಮ್ಮಿದರೂ ಕೇಳುವಂಥ ಜಾಗದಲ್ಲಿ, ಮಕ್ಕಳನ್ನೂ ಇಟ್ಟುಕೊಂಡು ಸಂಸಾರ ಮಾಡುತ್ತಿದ್ದರು. 1946ರ ಬೇಸಿಗೆಯಲ್ಲಿ ಸಾವಿರಾರು ಜನ ಖಾಲಿ ಬಿದ್ದಿದ್ದ ಸೈನ್ಯದ ಕ್ಯಾಂಪುಗಳಿಗೆ ನುಗ್ಗಿ ಅಲ್ಲೇ ಒಲೆ ಹಚ್ಚಿದರು. ಸರ್ಕಾರ ಸುಮಾರು 1,56,000 ತಾತ್ಕಾಲಿಕ ಮನೆಗಳನ್ನು ಫ್ಯಾಕ್ಟರಿಯಲ್ಲಿ ಮಾಡಿಸಿ ತಂದು ನಿಲ್ಲಿಸಿತು, ಅದೂ ಸಾಲಲಿಲ್ಲ. ಕೂಡಿ ಬಾಳುತ್ತಿದ್ದವರಿಗೇ ಈ ಗತಿ. ಗಂಡನನ್ನು ಬಿಟ್ಟು ಬಂದವಳಿಗೆ ಕೋಣೆ ಕೊಡುವವರು ಯಾರು? ಬಾಡಿಗೆ ಪುಸ್ತಕದಲ್ಲಿ ಇರುತ್ತಿದ್ದದ್ದೂ ಸಾಮಾನ್ಯವಾಗಿ ಅವನ ಹೆಸರೇ.

ಇನ್ನು ದುಡ್ಡು. ಫ್ಯಾಕ್ಟರಿಯಲ್ಲಿ ದುಡಿದಳು ನಿಜ, ಆದರೆ ಹೆಂಗಸರ ಕೂಲಿ ಗಂಡಸರ ಕೂಲಿಯ ಅರ್ಧದ ಆಸುಪಾಸಿನಲ್ಲಿತ್ತು. ಯುದ್ಧ ಮುಗಿದ ಮೇಲೆ ಶಸ್ತ್ರಾಸ್ತ್ರದ ಕೆಲಸವೇ ನಿಂತಿತು. ತಾಯಂದಿರು ದುಡಿಯಲಿ ಎಂದು ತೆರೆದಿದ್ದ ಶಿಶುವಿಹಾರಗಳು ಒಂದೊಂದಾಗಿ ಮುಚ್ಚಿದವು. ಆಮೇಲೆ ಅವಳ ಕೈಗೆ ಬರುತ್ತಿದ್ದದ್ದು ವಾರಕ್ಕೊಮ್ಮೆ ಗಂಡ ಕೊಡುವ ಮನೆಖರ್ಚು ಅಷ್ಟೇ. ಅವನ ಸಂಬಳ ಎಷ್ಟು ಅನ್ನುವುದೇ ಗೊತ್ತಿಲ್ಲದ ಹೆಂಡತಿಯರು ಬೇಕಾದಷ್ಟು ಜನ ಇದ್ದರು.

ನನಗೆ ಇವತ್ತಿಗೂ ಸಿಟ್ಟು ಬರಿಸುವ ಸಂಗತಿ ಒಂದಿದೆ. ಆ ಮನೆಖರ್ಚಿನಲ್ಲಿ ಹೆಂಡತಿ ಉಳಿಸಿದ ಹಣವೂ ಅವಳದಲ್ಲ. 1943ರಲ್ಲಿ ಬ್ಲ್ಯಾಕ್‌ವೆಲ್ ಎಂಬ ದಂಪತಿಯ ಕೇಸಿನಲ್ಲಿ ಮೇಲ್ಮನವಿ ಕೋರ್ಟು ಹೀಗೇ ತೀರ್ಪು ಕೊಟ್ಟಿತು. ಅವಳು ಸಹಕಾರ ಸಂಘದಲ್ಲಿ ನೂರಕ್ಕೂ ಚೂರು ಹೆಚ್ಚು ಪೌಂಡು ಕೂಡಿಟ್ಟಿದ್ದಳು. ಕೊಟ್ಟವನು ಗಂಡ, ಆದ್ದರಿಂದ ಉಳಿದದ್ದೂ ಗಂಡನದು ಅಂದಿತು ಕೋರ್ಟು. ಒಂದು ಹೊತ್ತು ತಾನು ಕಡಿಮೆ ತಿಂದು, ಹಳೆ ಕೋಟು ಬಿಚ್ಚಿ ಮಗುವಿಗೆ ಹೊಲಿದು ಉಳಿಸಿದ ದುಡ್ಡು ಅದಾಗಿದ್ದರೂ ಲೆಕ್ಕ ಅದೇ.

ಪ್ರಶ್ನೆ: ಹಾಗಾದರೆ ಡೈವೋರ್ಸ್ ಇರಲೇ ಇಲ್ಲವೇ?

ಉತ್ತರ: ಇತ್ತು. 1937ರ ಕಾನೂನು ಬರುವವರೆಗೆ ವ್ಯಭಿಚಾರವನ್ನು ಸಾಬೀತು ಮಾಡದೆ ಸಾಮಾನ್ಯವಾಗಿ ವಿಚ್ಛೇದನ ಸಿಗುತ್ತಿರಲಿಲ್ಲ. ಆ ಕಾನೂನು ಕ್ರೌರ್ಯ, ಮೂರು ವರ್ಷ ಬಿಟ್ಟು ಹೋಗಿರುವುದು, ವಾಸಿಯಾಗದ ಹುಚ್ಚು, ಇವನ್ನೂ ಸೇರಿಸಿತು. ಆದರೆ 'ನಮಗೆ ಹೊಂದುವುದಿಲ್ಲ' ಅನ್ನುವುದು ಕಾರಣವೇ ಅಲ್ಲ. ಇಬ್ಬರೂ ಮಾತಾಡಿಕೊಂಡು ಬಂದಿದ್ದಾರೆ ಎಂದು ಗೊತ್ತಾದರೆ ಅರ್ಜಿಯೇ ಬಿದ್ದುಹೋಗುತ್ತಿತ್ತು. ಮದುವೆಯಾದ ಮೊದಲ ಮೂರು ವರ್ಷ, ತೀರಾ ಅಸಾಧಾರಣ ಕಷ್ಟವಿಲ್ಲದಿದ್ದರೆ, ಅರ್ಜಿ ಹಾಕುವ ಹಾಗೂ ಇಲ್ಲ.

ಆದರೂ ಜನ ಕೋರ್ಟಿಗೆ ಹೋದರು. ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ 1938ರಲ್ಲಿ ಸುಮಾರು 6,000 ಇದ್ದ ವಿಚ್ಛೇದನ 1947ರಲ್ಲಿ 60,000 ದಾಟಿತು. ಯುದ್ಧ ಮುಗಿದ ಆಸುಪಾಸಿನಲ್ಲಿ ಅರ್ಜಿ ಹಾಕಿದವರಲ್ಲಿ ಗಂಡಸರೇ ಜಾಸ್ತಿ ಅನ್ನುವುದನ್ನು ಗಮನಿಸಿ. ದೂರು ಹೆಚ್ಚಾಗಿ ವ್ಯಭಿಚಾರದ್ದು. ಸೈನಿಕರ ವಿಚ್ಛೇದನದ ಕೇಸುಗಳಿಗೆಂದೇ 1942ರಿಂದ ಕಾನೂನು ನೆರವಿನ ವಿಭಾಗ ಇತ್ತು. ಹೆಂಡತಿಗೆ ಸುಲಭವಾಗಿ ಎಟುಕುತ್ತಿದ್ದದ್ದು ಸ್ಥಳೀಯ ಮ್ಯಾಜಿಸ್ಟ್ರೇಟರ ಕೋರ್ಟು. ಅಲ್ಲಿ ಬೇರೆ ಇರಲು ಅನುಮತಿ, ಜೀವನಾಂಶ ಸಿಗುತ್ತಿತ್ತು, ಮರುಮದುವೆಯ ಹಕ್ಕು ಸಿಗುತ್ತಿರಲಿಲ್ಲ. 1949ರವರೆಗೆ ಅವಳಿಗೆ ಕೊಡಿಸಬಹುದಾಗಿದ್ದದ್ದು ಹೆಚ್ಚೆಂದರೆ ವಾರಕ್ಕೆ 2 ಪೌಂಡು, ಒಂದು ಮಗುವಿಗೆ 10 ಶಿಲಿಂಗು, ಅಂದರೆ ಅರ್ಧ ಪೌಂಡು. ಅವಳೇ ವ್ಯಭಿಚಾರ ಮಾಡಿದಳು ಎಂದು ಸಾಬೀತಾದರೆ ಅವಳ ಪಾಲಿಗೆ ಅದೂ ಇಲ್ಲ.

ಪ್ರಶ್ನೆ: ನೀವು ಗಂಡನ ಕಡೆ ನೋಡುತ್ತಲೇ ಇಲ್ಲ. ಅವನೂ ಯುದ್ಧ ಕಂಡು ಬಂದವನು.

ಉತ್ತರ: ಸರಿಯಾದ ಮಾತು. ಸೈನಿಕರನ್ನು ಮನೆಗೆ ಕಳಿಸುವುದು 1945ರ ಜೂನ್ 18ರಂದು ಶುರುವಾಯಿತು, ವಯಸ್ಸು ಮತ್ತು ಸೇವೆಯ ಲೆಕ್ಕದಲ್ಲಿ ಸರದಿ ಪ್ರಕಾರ. ಒಂದು ಸೂಟು, ಟೋಪಿ, ಷೂ ಕೊಟ್ಟು ಕಳಿಸಿದರು. ಮನೆಗೆ ಬಂದರೆ, ಹೊಟ್ಟೆಯಲ್ಲಿದ್ದ ಮಗು ಐದು ವರ್ಷದ್ದಾಗಿ 'ಈ ಮನುಷ್ಯ ಯಾವಾಗ ಹೋಗ್ತಾನೆ' ಅಂತ ಅಮ್ಮನನ್ನು ಕೇಳುವ ಸ್ಥಿತಿ. ತಾನಿಲ್ಲದೆ ಮನೆ ಚೆನ್ನಾಗಿಯೇ ನಡೆದಿದೆ ಅನ್ನುವುದೂ ಅವನಿಗೆ ನೋವೇ. ಜಪಾನಿಯರ ಅಥವಾ ಜರ್ಮನರ ಸೆರೆಯಿಂದ ಬಂದವರ ಪಾಡು ಇನ್ನೂ ಕಷ್ಟ. ಅಂಥವರಿಗಾಗಿ ಸೈನ್ಯವೇ ಪುನರ್ವಸತಿ ಶಿಬಿರ ನಡೆಸಿತು, ಆದರೆ ಅಲ್ಲಿಗೆ ಹೋಗಲೇಬೇಕು ಎಂದೇನೂ ಇರಲಿಲ್ಲ. ರಾತ್ರಿ ಬೆಚ್ಚಿ ಏಳುವ ಗಂಡಸಿನ ಹತ್ತಿರ 'ಏನಾಯಿತು' ಎಂದು ಕೇಳುವ ಅಭ್ಯಾಸವೇ ಆ ಕೇರಿಗಳಲ್ಲಿ ಕಡಿಮೆ. ಸಂಜೆ ಪಬ್ಬಿಗೆ ಹೋದರೆ ಜೊತೆಯವರು ಸಿಗುತ್ತಿದ್ದರು. ಅವಳಿಗೆ ಆ ದಾರಿಯೂ ಕಷ್ಟ, ಅವಳು ರೇಷನ್ ಅಂಗಡಿಯ ಸಾಲಿನಲ್ಲಿ. 1946ರ ಜುಲೈನಲ್ಲಿ, ಯುದ್ಧದಲ್ಲೂ ರೇಷನ್ ಇಲ್ಲದಿದ್ದ ಬ್ರೆಡ್ಡಿಗೂ ರೇಷನ್ ಬಂತು. ಅವನ ಮೇಲೆ ನನಗೆ ಮರುಕವಿದೆ. ಅವನ ನೋವಿಗೆ ಅವಳು ಏಟು ತಿನ್ನಬೇಕಿತ್ತು ಎಂದು ಮಾತ್ರ ಯಾರೂ ಹೇಳಬಾರದು.

ಪ್ರಶ್ನೆ: ಅವಳ ಕೈಗೆ ನೇರವಾಗಿ ದುಡ್ಡು ಬಂದದ್ದು ಯಾವಾಗ?

ಉತ್ತರ: 1946ರ ಆಗಸ್ಟಿನಲ್ಲಿ. ಎರಡನೇ ಮಗುವಿನಿಂದ ಮುಂದಕ್ಕೆ, ಮಗುವಿಗೆ ವಾರಕ್ಕೆ 5 ಶಿಲಿಂಗಿನ ಕುಟುಂಬ ಭತ್ಯೆ. ಇದನ್ನು ತಂದೆಗೆ ಕೊಡುವುದು ಎಂದೇ ಸರ್ಕಾರ ಮೊದಲು ಮಸೂದೆ ಬರೆದಿತ್ತು. ಅದು ತಾಯಿಯ ಕೈಗೇ ಸೇರಬೇಕು ಎಂದು ಸಂಸದೆ ಎಲೀನರ್ ರಾಥ್‌ಬೋನ್ ಹಟ ಹಿಡಿದು ಗೆದ್ದರು. ಪಾಪ, ಮೊದಲ ಕಂತು ನೋಡಲು ಅವರಿರಲಿಲ್ಲ, ಅದೇ ವರ್ಷ ಜನವರಿಯಲ್ಲಿ ತೀರಿಕೊಂಡಿದ್ದರು. ಕೂಡಿಟ್ಟ ಮನೆಖರ್ಚಿನಲ್ಲಿ ಅರ್ಧ ಹೆಂಡತಿಯದು ಎಂದು ಕಾನೂನು ಬರಲು 1964 ಆಯಿತು. ಸಂಸಾರ ಮುರಿದುಬಿದ್ದಿದೆ ಅನ್ನುವುದನ್ನೇ ವಿಚ್ಛೇದನಕ್ಕೆ ಆಧಾರವಾಗಿ ಒಪ್ಪಿದ ಕಾನೂನು ಜಾರಿಯಾದದ್ದು 1971ರಲ್ಲಿ. ನೀವು ಓದುತ್ತಿರುವ ಹೆಂಗಸಿನ ಮಕ್ಕಳಿಗೇ ಆ ಹೊತ್ತಿಗೆ ಮದುವೆಯಾಗಿ ಮಕ್ಕಳಿದ್ದಿರಬೇಕು.