45 ಲಕ್ಷದ ಗೆರೆ ದಾಟಿದರೆ

ಪ್ರಶ್ನೆ: ಬೆಂಗಳೂರಿನಲ್ಲಿ ಕಟ್ಟುತ್ತಿರುವ ಫ್ಲ್ಯಾಟಿಗೆ 44 ಲಕ್ಷ, ಪಾರ್ಕಿಂಗಿಗೆ ಪ್ರತ್ಯೇಕ 2 ಲಕ್ಷ ಎನ್ನುತ್ತಾರೆ. ‘ಕೈಗೆಟುಕುವ ಮನೆ’ ಆದ್ದರಿಂದ ಜಿಎಸ್‌ಟಿ ಶೇ 1 ಮಾತ್ರವಂತೆ. ನಂಬಬಹುದೇ?

ಉತ್ತರ: ನಂಬಬೇಡಿ. ಶೇ 1ರ ದರಕ್ಕೆ ಎರಡು ಷರತ್ತು: ಬೆಂಗಳೂರಿನಲ್ಲಿ ಕಾರ್ಪೆಟ್ ಏರಿಯಾ, ಅಂದರೆ ಹೊರಗೋಡೆಗಳೊಳಗಿನ ಬಳಕೆಯ ಜಾಗ, 60 ಚದರ ಮೀಟರ್ (ಸುಮಾರು 645 ಚದರ ಅಡಿ) ಮೀರಬಾರದು, ಒಟ್ಟು ಬೆಲೆ 45 ಲಕ್ಷ ಮೀರಬಾರದು. ಎಡವುವುದು ಈ ‘ಒಟ್ಟು’ ಎಂಬಲ್ಲೇ. ಪಾರ್ಕಿಂಗ್, ಮೂಲೆ ಫ್ಲ್ಯಾಟಿನ ಹೆಚ್ಚುವರಿ, ಡೆವಲಪ್‌ಮೆಂಟ್ ಶುಲ್ಕ ಎಲ್ಲವೂ ಅದರೊಳಗೇ. ಬೇರೆ ರಸೀದಿ ಹರಿದುಕೊಟ್ಟರೂ ಲೆಕ್ಕ ಬದಲಾಗದು. ನಿಮ್ಮದು 46 ಲಕ್ಷ. ದರ ಶೇ 5. ಅಂದರೆ 44,000 ರೂಪಾಯಿಯ ಬದಲು 2,30,000.

ಇದಿಷ್ಟೇ ಅಲ್ಲ. ಬಿಲ್ಡರ್‌ನಿಂದ ಮೊದಲ ಬಾರಿ ಕೊಳ್ಳುವ ಫ್ಲ್ಯಾಟಿಗೆ 20 ಲಕ್ಷದ ಮೇಲೆ 45 ಲಕ್ಷದವರೆಗೆ ಮುದ್ರಾಂಕ ಶುಲ್ಕ ಶೇ 3, ಮೇಲಾದರೆ ಶೇ 5. ಕ್ರಯಪತ್ರದಲ್ಲೂ 46 ಲಕ್ಷ ಬಂದರೆ ಅಲ್ಲಿ ಮತ್ತೆ ಸುಮಾರು ಲಕ್ಷ ರೂಪಾಯಿ ಹೆಚ್ಚು. ನೋಂದಣಿ ಶುಲ್ಕವೂ 2025ರ ಆಗಸ್ಟ್ 31ರಿಂದ ಶೇ 2 ಆಗಿದೆ.

ಹಾಗಾಗಿ ಪಾರ್ಕಿಂಗ್ ಸೇರಿಸಿಯೇ 45 ಲಕ್ಷದೊಳಗೆ ಚೌಕಾಸಿ ಮಾಡಿ. ಒಂದು ಲಕ್ಷ ಇಳಿಸಿದರೂ ನಿಮಗೆ ಉಳಿಯುವುದು ಅದಕ್ಕಿಂತ ಬಹಳ ಹೆಚ್ಚು. ವಿಸ್ತೀರ್ಣವನ್ನು ಬಣ್ಣದ ಕರಪತ್ರದಲ್ಲಿ ನೋಡಬೇಡಿ, ಅದರಲ್ಲಿರುವುದು ಸಾಮಾನ್ಯವಾಗಿ ಸೂಪರ್ ಬಿಲ್ಟ್‌ಅಪ್, ಅಂದರೆ ಗೋಡೆ, ಮೆಟ್ಟಿಲು, ಲಿಫ್ಟಿನಂಥ ಸಾಮಾನ್ಯ ಜಾಗದ ಪಾಲನ್ನೂ ಸೇರಿಸಿದ ಲೆಕ್ಕ. ಕರ್ನಾಟಕ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ಜಾಲತಾಣದಲ್ಲಿ ಯೋಜನೆಯ ನೋಂದಣಿ ಸಂಖ್ಯೆ ಹಾಕಿ ಕಾರ್ಪೆಟ್ ಏರಿಯಾ ತಾಳೆ ನೋಡಿ.