ಆ ಹುಡುಗನಿಗೆ ಅಮ್ಮ ಇದ್ದಾಳೆ

ಮೇಷ್ಟ್ರೇ, ನಮಸ್ಕಾರ.

ನಿಮ್ಮ ಪತ್ರ ಒಂದೂವರೆ ಪುಟ ಇದೆ. ನನ್ನ ನಿದ್ದೆ ಕೆಡಿಸಿದ್ದು ಮಾತ್ರ ಮೊದಲ ಮೂರು ಸಾಲು: ‘ಎಡದಿಂದ ಮೂರನೆಯವನು ನನ್ನ ಶಿಷ್ಯ. ಅವನ ಅಮ್ಮ ಗಟ್ಟಿಮುಟ್ಟಾಗಿದ್ದಾಳೆ. ಅವನನ್ನು ಅನಾಥ ಅನ್ನಲು ನೀವ್ಯಾರು?’

ಉಳಿದ ಓದುಗರಿಗೂ ವಿಷಯ ಗೊತ್ತಾಗಲಿ. ಕಳೆದ ಸಂಚಿಕೆಯಲ್ಲಿ ಒಂದು ಫೋಟೊ ಹಾಕಿದ್ದೆವು. ಚರ್ಚಿನವರು ನಡೆಸುವ ಗಂಡುಮಕ್ಕಳ ಹೋಮ್ ಒಂದರಲ್ಲಿ ಯಾರೋ ದಾನಿಗಳು ತಮ್ಮ ಮಗನ ಹುಟ್ಟುಹಬ್ಬಕ್ಕೆ ಊಟ ಹಾಕಿಸಿದ್ದರು. ಕೆಳಗೆ ‘ಅನಾಥ ಮಕ್ಕಳೊಂದಿಗೆ ಹುಟ್ಟುಹಬ್ಬ’ ಎಂದು ಬರೆದೆವು. ಮೇಷ್ಟ್ರು ಅದಕ್ಕೆ ಬೈದಿದ್ದಾರೆ. ಜೊತೆಗೆ ಒಂದು ಪ್ರಶ್ನೆ: ‘ಪಾದ್ರಿಗಳು ಊರ ಮಕ್ಕಳಿಗೆಲ್ಲ ಪುಕ್ಕಟೆ ಅನ್ನ ಹಾಕುವುದು ಯಾಕೆ? ಅದನ್ನೂ ಬರೆಯುವ ಧೈರ್ಯ ಇದೆಯೇ?’

ಮೊದಲು ತಪ್ಪು ಒಪ್ಪಿಕೊಳ್ಳುತ್ತೇನೆ. ಅದು ಒಂದಲ್ಲ, ಎರಡು. ಅನಾಥ ಎಂದದ್ದು ಒಂದು. ಮುಖ ತೋರಿಸಿದ್ದು ಇನ್ನೊಂದು. 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಇಂಥ ಹೋಮ್‌ಗಳಲ್ಲಿರುವ ಮಕ್ಕಳ ಹೆಸರು, ವಿಳಾಸ, ಶಾಲೆ, ಫೋಟೊ ಯಾವುದನ್ನೂ ಪತ್ರಿಕೆಯಲ್ಲಿ ಹಾಕುವಂತಿಲ್ಲ. ಹಾಕಿದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ 2 ಲಕ್ಷದವರೆಗೆ ದಂಡ, ಅಥವಾ ಎರಡೂ. ಈ ಕಾನೂನು ನನಗೆ ಗೊತ್ತಿತ್ತು. ದಾನಿಗಳೇ ಫೋಟೊ ಕಳಿಸಿದ್ದರು, ಪುಟದಲ್ಲಿ ಜಾಗ ಖಾಲಿ ಇತ್ತು, ಹಾಕಿಬಿಟ್ಟೆವು. ನೆಪ ಅಷ್ಟೇ. ಇವತ್ತು ಊರಿನ ಹೆಸರನ್ನೂ ಬರೆಯುತ್ತಿಲ್ಲ.

ಪತ್ರ ಬಂದ ಮೇಲೆ ಹೋಮ್‌ಗೆ ಹೋಗಿದ್ದೆ, ಕ್ಷಮೆ ಕೇಳಲು. ತಿಂಗಳ ಎರಡನೇ ಭಾನುವಾರ, ಮನೆಯವರು ಬಂದು ನೋಡುವ ದಿನ. ನಾನು ಒಳಗೆ ಕಾಲಿಡುವಾಗಲೇ ಹುಣಸೆ ಮರದ ಕೆಳಗೆ ಹೆಂಗಸರು ಕೂತಿದ್ದರು. ಒಬ್ಬಾಕೆ ಮಗನ ಕೈ ತನ್ನ ಮಡಿಲಲ್ಲಿಟ್ಟುಕೊಂಡು ಉಗುರು ತೆಗೆಯುತ್ತಿದ್ದಳು. ಅವನು ಇನ್ನೊಂದು ಕೈಯಲ್ಲಿ ಮಂಡಕ್ಕಿ ತಿನ್ನುತ್ತಿದ್ದ. ಕೈ ಬದಲಾಯಿಸು ಅಂದಳು. ಬಾಯಿಗೆ ಹಾಕುತ್ತಿದ್ದುದನ್ನು ನಿಲ್ಲಿಸದೆಯೇ ಬದಲಾಯಿಸಿದ. ಮೇಷ್ಟ್ರೇ, ನಿಮ್ಮ ಶಿಷ್ಯ ಅವನೇ.

ಆಕೆಯದು ಬೆಂಗಳೂರಿನಲ್ಲಿ ಗಾರೆ ಕೆಲಸ. ಗಂಡ ತೀರಿಕೊಂಡು ನಾಲ್ಕು ವರ್ಷ ಆಯಿತಂತೆ. ಕಟ್ಟಡ ಮುಗಿದರೆ ತಗಡಿನ ಶೆಡ್ಡೂ ಎತ್ತಂಗಡಿ. ಮಗ ಎರಡು ವರ್ಷದಲ್ಲಿ ಮೂರು ಶಾಲೆ ಬದಲಾಯಿಸಿದ್ದ. ‘ಇಲ್ಲಿ ಬಿಟ್ಟ ದಿನ ಬಸ್ಸಲ್ಲಿ ಅತ್ತುಕೊಂಡೇ ಹೋದೆ ಸಾರ್. ಆದ್ರೆ ಅವನು ಓದ್ತಾ ಇದ್ದಾನಲ್ಲ’ ಅಂದಳು. ಪತ್ರಿಕೆಯ ಫೋಟೊ ಅವಳು ನೋಡಿರಲಿಲ್ಲ. ತೋರಿಸಿ, ಕೆಳಗಿನ ಸಾಲನ್ನು ನಾನೇ ಓದಿ ಹೇಳಿ, ತಪ್ಪಾಯಿತು ಅಂದೆ. ಆಕೆ ಸುಮ್ಮನೆ ತಲೆ ಆಡಿಸಿದಳು. ಬೈದಿದ್ದರೆ ವಾಸಿಯಿತ್ತು.

ಅಲ್ಲಿರುವವರಲ್ಲಿ ಅಪ್ಪ ಅಮ್ಮ ಇಬ್ಬರೂ ಇಲ್ಲದ ಹುಡುಗರು ಬೆರಳೆಣಿಕೆಯಷ್ಟು. ಮಿಕ್ಕವರಿಗೆ ಯಾರೋ ಒಬ್ಬರು ಇದ್ದಾರೆ. ಇಲ್ಲದ್ದು ದುಡ್ಡು, ಇಲ್ಲವೇ ಒಂದು ಕಡೆ ನಿಲ್ಲುವ ಮನೆ. ಯಾರ ಮಗುವನ್ನಾದರೂ ತಂದು ಇಟ್ಟುಕೊಳ್ಳುತ್ತೇನೆ ಎಂದರೆ ಈಗ ನಡೆಯುವುದಿಲ್ಲ. ಹೋಮ್ ನೋಂದಣಿ ಆಗಿರಬೇಕು, ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಕರೆದೊಯ್ಯಬೇಕು, ಸಮಿತಿ ಆದೇಶ ಕೊಡಬೇಕು. ನಿಮ್ಮೂರಲ್ಲಿ ಯಾವುದಾದರೂ ಹೋಮ್ ಮೇಲೆ ಅನುಮಾನ ಇದ್ದರೆ ಕೇಳಬೇಕಾದ್ದು ಈ ಎರಡು ಕಾಗದ. ಗೋಡೆ ಮೇಲಿನ ಶಿಲುಬೆ ನೋಡಿ ಏನನ್ನೂ ತೀರ್ಮಾನಿಸಲು ಆಗುವುದಿಲ್ಲ.

ಈಗ ಪಾದ್ರಿಗಳ ವಿಷಯ. ಇದು ನಿನ್ನೆ ಮೊನ್ನೆಯದಲ್ಲ. ನಮ್ಮ ಅಜ್ಜಂದಿರು ಧಾತು ಈಶ್ವರ ಬರ ಅನ್ನುತ್ತಿದ್ದರಲ್ಲ, 1876ರಿಂದ 78ರವರೆಗಿನ ಆ ಬರದಲ್ಲಿ ಮೈಸೂರು ಸಂಸ್ಥಾನ ತತ್ತರಿಸಿಹೋಗಿತ್ತು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಜನ 1881ಕ್ಕೆ 42 ಲಕ್ಷದ ಒಳಗೆ ಇಳಿದರು. ರಸ್ತೆ ಬದಿಯಲ್ಲಿ ಉಳಿದ ಮಕ್ಕಳನ್ನು ಎತ್ತಿಕೊಂಡು ಹೋದವರಲ್ಲಿ ಮಿಷನ್‌ನವರೂ ಇದ್ದರು. ಇಂಗ್ಲೆಂಡಿನ ಪ್ರೊಟೆಸ್ಟೆಂಟ್ ಪಾದ್ರಿಗಳ ವೆಸ್ಲಿಯನ್ ಮಿಷನ್ ತುಮಕೂರಿನಲ್ಲಿ ಗಂಡುಮಕ್ಕಳಿಗೆ, ಹಾಸನದಲ್ಲಿ ಹೆಣ್ಣುಮಕ್ಕಳಿಗೆ ಅನಾಥಾಲಯ ನಡೆಸಿತು. ಅವು ನಿಜಕ್ಕೂ ಅನಾಥಾಲಯಗಳು. ಅಲ್ಲಿ ಬೆಳೆದ ಮಕ್ಕಳನ್ನು ಕ್ರೈಸ್ತರಾಗಿಯೇ ಬೆಳೆಸುತ್ತಿದ್ದರು, ಅದನ್ನು ಮುಚ್ಚಿಡುವುದೇನಿದೆ? ಮಿಷನ್‌ನವರೂ ಮುಚ್ಚಿಡಲಿಲ್ಲ. ಹಾಗೆಯೇ ಆ ಮಕ್ಕಳು ಬದುಕಿ ಉಳಿದರು ಅನ್ನುವುದನ್ನೂ ಮುಚ್ಚಿಡಬಾರದು ಅಲ್ವಾ? ಎರಡರಲ್ಲಿ ಒಂದನ್ನೇ ಹೇಳುವವರ ಜೊತೆ ನಾನು ವಾದಕ್ಕೆ ಕೂರುವುದಿಲ್ಲ.

ಈ ಹೋಮ್‌ನಲ್ಲಿ ನಾನು ಕಂಡದ್ದು ಇಷ್ಟು. ಊಟಕ್ಕೆ ಮುಂಚೆ ಪ್ರಾರ್ಥನೆ. ಕೆಲವರು ಶಿಲುಬೆ ಗುರುತು ಹಾಕಿಕೊಂಡರು, ಕೆಲವರು ಕೈ ಮುಗಿದರು, ಒಬ್ಬ ಪೋರ ಒಂದು ಕಣ್ಣು ಮುಚ್ಚಿ ಇನ್ನೊಂದು ಕಣ್ಣಲ್ಲಿ ಕೋಳಿ ಸಾರಿನ ಪಾತ್ರೆ ಕಾಯುತ್ತಿದ್ದ. ಯಾಕೆ ನಡೆಸುತ್ತೀರಿ ಎಂದು ಫಾದರ್‌ರನ್ನು ಕೇಳಿದೆ. ‘ಯೇಸು ಹೇಳಿದ್ದಾನೆ, ಅದಕ್ಕೆ’ ಅಂದರು, ಮುಚ್ಚುಮರೆ ಇಲ್ಲದೆ. ಹುಡುಗರನ್ನು ಮತಕ್ಕೆ ಸೇರಿಸುತ್ತೀರಾ ಅಂತಲೂ ಕೇಳಿದೆ. ‘ಯುಗಾದಿಗೆ, ದೀಪಾವಳಿಗೆ ಅಮ್ಮಂದಿರು ಬಂದು ಊರಿಗೆ ಕರ್ಕೊಂಡು ಹೋಗ್ತಾರೆ. ಅವರನ್ನೇ ಕೇಳಿ’ ಅಂದರು. ಮರದ ಕೆಳಗೆ ಹೋಗಿ ಕೇಳಿದೆ. ಇಲ್ಲ ಅಂದರು. ಒಂದು ದಿನ ನೋಡಿ ಬಂದವನ ಮಾತು ಇದು, ಅಷ್ಟಕ್ಕೇ ತೂಕ ಕೊಡಿ.

ವಾರ್ಡನ್‌ದು ಬೇರೆಯೇ ಗೋಳು. ‘ಭಾನುವಾರ ಊಟ ಹಾಕಿಸೋರು ಜಾಸ್ತಿ ಸಾರ್. ಕರೆಂಟ್ ಬಿಲ್ ಕಟ್ಟೋಕೆ ಯಾರೂ ಬರಲ್ಲ.’ ಆ ವಾರ ಮೂರು ಕೇಕ್ ಬಂದಿದ್ದವಂತೆ. ಗುರುತೇ ಇಲ್ಲದ ಮೂವರು ಮಕ್ಕಳಿಗೆ ಹುಡುಗರು ಮೂರು ಸಲ ಹ್ಯಾಪಿ ಬರ್ತ್‌ಡೇ ಹಾಡಿದ್ದರು.

ನನಗೆ ಕೇಳಿದರೆ, ಎಷ್ಟೇ ಒಳ್ಳೆಯ ಹೋಮ್ ಆದರೂ ಅದು ಕೊನೆಯ ದಾರಿ ಆಗಬೇಕು. ಕಾಯ್ದೆಯೂ ಅದನ್ನೇ ಹೇಳುತ್ತದೆ. ವಿಧವೆ ತಾಯಿಯ ಬಳಿಯೇ ಮಗು ಇದ್ದು ಓದಲಿ ಎಂದು ಕೇಂದ್ರ ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವದ ನೆರವು ಇದೆ. ವರ್ಷದ ಆದಾಯ ಹಳ್ಳಿಯಲ್ಲಿ 72,000, ಪಟ್ಟಣದಲ್ಲಿ 96,000 ದಾಟಿರಬಾರದು. ಅರ್ಜಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಈ ತಾಯಿಗೆ ಅದು ಗೊತ್ತೇ ಇರಲಿಲ್ಲ. ಆಧಾರ್ ಊರಿನದು, ಕೆಲಸ ಬೆಂಗಳೂರಲ್ಲಿ, ಆದಾಯ ಪ್ರಮಾಣಪತ್ರಕ್ಕೆ ಅಲೆದರೆ ಆ ದಿನದ ಕೂಲಿ ಹೋಯಿತು. ಮೇಷ್ಟ್ರೇ, ನಾಡಕಚೇರಿಯಲ್ಲಿ ನಿಮ್ಮ ಹಳೇ ಶಿಷ್ಯರು ಯಾರಾದರೂ ಇದ್ದೇ ಇರುತ್ತಾರೆ. ಅರ್ಜಿ ತುಂಬಿಸುವ ಕೆಲಸ ನಾನು ಮಾಡುತ್ತೇನೆ, ಆ ಪ್ರಮಾಣಪತ್ರದ ಕೆಲಸ ನಿಮ್ಮದು. ಆಗಬಹುದಾ?

ಹೊರಡುವಾಗ ನಿಮ್ಮ ಹೆಸರು ಹೇಳಿದೆ. ಹುಡುಗ ಥಟ್ಟನೆ ಎದ್ದು ನಿಂತ. ಗಣಿತದಲ್ಲಿ 25ಕ್ಕೆ ಒಂಬತ್ತು ಬಂದಿದೆಯಂತೆ, ಮೇಷ್ಟ್ರಿಗೆ ಹೇಳಬೇಡಿ ಅಂದ.