ಪ್ರತಿಕ್ರಿಯೆ: ದುಬೈ ವಿಮಾನ ರದ್ದು, ಮೆಸೇಜೇ ಬರಲಿಲ್ಲ

ಯುದ್ಧದಿಂದ ಮಂಗಳೂರು–ದುಬೈ ವಿಮಾನ ರದ್ದಾದರೂ ನಿಮಗೆ ಮೆಸೇಜ್ ಬಾರದಿರಲು ಕಾರಣ ಬಹುಶಃ ಇದು: ಬುಕಿಂಗ್‌ನಲ್ಲಿ ಏಜೆಂಟರ ನಂಬರ್ ಇದೆ, ನಿಮ್ಮದಲ್ಲ. ನನಗೂ ಹೀಗೇ ಆಗಿ, ಹಗ್ಗ ಬಿಗಿದ ಪೆಟ್ಟಿಗೆ ಸಮೇತ ಬಜ್ಪೆ ವಿಮಾನ ನಿಲ್ದಾಣದಿಂದ ಉಡುಪಿಗೆ ವಾಪಸ್ ಬಂದಿದ್ದೆ.

ಮೊದಲು ಪಿಎನ್‌ಆರ್ (ಟಿಕೆಟಿನ ಬುಕಿಂಗ್ ನಂಬರ್) ಹಾಕಿ ವಿಮಾನ ಕಂಪನಿಯ ವೆಬ್‌ಸೈಟಲ್ಲಿ ನಿಮ್ಮ ನಂಬರ್ ಸೇರಿಸಿ. ದಯವಿಟ್ಟು ಟಿಕೆಟ್ ನೀವಾಗಿ ಕ್ಯಾನ್ಸಲ್ ಮಾಡಬೇಡಿ, ದುಡ್ಡು ಕಡಿತವಾಗಬಹುದು. ಅವರೇ ರದ್ದು ಮಾಡಿದರೆ ಪೂರ್ತಿ ಹಣ ಇಲ್ಲವೇ ಬೇರೆ ವಿಮಾನ ಕೇಳಬಹುದು. ಏಜೆಂಟರ ಟಿಕೆಟ್ ಆದರೆ ಹಣ ಸಾಮಾನ್ಯವಾಗಿ ಅವರ ಮೂಲಕ ಬರುತ್ತದೆ, ಬಿಡದೆ ಕೇಳಿ.

ಯುದ್ಧದಿಂದ ವಾಯುಮಾರ್ಗ ಮುಚ್ಚಿದರೆ ಯಾವಾಗ ತೆರೆಯುತ್ತದೋ ಯಾರೂ ಹೇಳಲಾರರು. ಕಣ್ಣೂರು, ಕಲ್ಲಿಕೋಟೆಯಿಂದಲೂ ಸೀಟು ನೋಡಿ. ರದ್ದತಿಯ ಈಮೇಲನ್ನು ರಜೆ ಮುಗಿಯುವ ಮೊದಲೇ ನೀವು ಕೆಲಸ ಮಾಡುವ ಕಂಪನಿಗೆ ಕಳಿಸಿ. ಊರಿಗೆ ಬಂದು 6 ತಿಂಗಳಾಗುತ್ತಾ ಬಂದಿದ್ದರೆ ವೀಸಾ ರದ್ದಾಗಬಹುದು, ಆ ವಿಷಯ ಇವತ್ತೇ ಕಂಪನಿಯ ಪಿಆರ್‌ಒ (ವೀಸಾ ಕೆಲಸ ನೋಡುವವರು) ಹತ್ತಿರ ಮಾತಾಡಿ.